ಪುಕ್ಕಟೆ ಕೊಡದ ಕವರ್

ಹೊಸ ಫೋನ್ ಕವರುಗಳ ಕಟ್ಟು ಬಿಚ್ಚಿದರೆ ಅಂಗಡಿ ತುಂಬ ರಬ್ಬರಿನ ವಾಸನೆ. ಇವತ್ತು ಬೆಳಿಗ್ಗೆ ಬಿಚ್ಚಿದಾಗ ಆಲಂಕಾರಿನ ಜೊಹರಾ ನೆನಪಾದರು. ಅವರ ಕಥೆಯಲ್ಲಿ ನನ್ನ ಹೊಗಳಿಕೆಯೂ ಸ್ವಲ್ಪ ಉಂಟು, ಸಹಿಸಿಕೊಳ್ಳಿ.

ಬಸ್ ನಿಲ್ದಾಣದಲ್ಲಿ ರೀಚಾರ್ಜ್ ಕೂಪನ್ ಮಾರುತ್ತಿದ್ದ ನಾನು ದರ್ಬೆಯಲ್ಲಿ ಸ್ವಂತ ಮೊಬೈಲ್ ಅಂಗಡಿ ಹಾಕಿದ್ದು ಒಂದೇ ವಿದ್ಯೆಯಿಂದ: ಪುಕ್ಕಟೆ ಏನನ್ನೂ ಕೊಡದಿರುವುದು. ಹೆಂಡತಿ ಈ ವಿದ್ಯೆಗೆ ಬೇರೆ ಹೆಸರಿಟ್ಟಿದ್ದಾಳೆ, ಅದು ಇಲ್ಲಿ ಬೇಡ.

ಜೊಹರಾ ಬಂದ ಆ ದಿನ ಮಂಡೆಕೋಲಿನ ರಾಮಣ್ಣ ಒಂದು ಹಳೆ ಫೋನು ಆರಿಸಿದ್ದರು. ರೇಟು ಕುದುರಿತ್ತು, ಒಳಗಿನದ್ದನ್ನೆಲ್ಲ ಅಳಿಸಿ ಕೊಡುವುದಷ್ಟೇ ಬಾಕಿ. ಆಗ ಅವರು ಕವರಿಗೆ ಕೈ ಹಾಕಿದರು.

“ಇದು ಫ್ರೀ ಅಲ್ವಾ ಮಾರಾಯ್ರೆ?”

“ಫ್ರೀ ಕೊಡ್ಲಿಕ್ಕೆ ನನಗೆಂತ ರಬ್ಬರ್ ತೋಟ ಉಂಟಾ?”

“ನನಗೆ ಉಂಟು. ರಬ್ಬರ್ ಹಾಲು ನಾನು ತರ್ತೇನೆ, ಕವರ್ ನೀವು ಮಾಡಿ!”

ಅರ್ಧ ಗಂಟೆ ಹೀಗೇ ಎಳೆದಾಡಿದೆವು. ಅಷ್ಟರಲ್ಲಿ ಜೊಹರಾ ಬಂದರು. ಆ ಫೋನು ಅವರದ್ದೇ. ಹಿಂದಿನ ವಾರ ನನಗೆ ಕೊಟ್ಟು ಹೊಸತು ಒಯ್ದಿದ್ದರು. ಕೈಯಲ್ಲಿ ಅದರಿಂದ ತೆಗೆದಿಟ್ಟುಕೊಂಡಿದ್ದ, ಉಗುರಿನಷ್ಟು ಮೆಮೊರಿ ಕಾರ್ಡ್.

“ಅಣ್ಣಾ, ಇದ್ರಲ್ಲಿ ಉಮ್ಮನ ಸ್ವರ ಉಂಟು. ಹೊಸ ಫೋನಲ್ಲಿ ಫೈಲಿನ ಹೆಸರು ಕಾಣ್ತದೆ, ಓಪನ್ ಆಗುದಿಲ್ಲ. ಉಮ್ಮ ತೀರಿಹೋಗಿ ನಾಲ್ಕು ತಿಂಗಳಾಯ್ತು. ಬೇರೆಲ್ಲಿಯೂ ಇಲ್ಲ.”

ಕಳ್ಳರ ಕೈಗೆ ಸಿಗದಿರಲಿ ಎಂದು ಉಪದೇಶ ಮಾಡಿ ಆ ಕಾರ್ಡಿಗೆ ಎನ್‌ಕ್ರಿಪ್ಷನ್ ಎಂಬ ಬೀಗ ಹಾಕಿಕೊಟ್ಟವನು ನಾನೇ. ನೀವೂ ತಿಳಿದಿಟ್ಟುಕೊಳ್ಳಿ: ಅಂಥ ಕಾರ್ಡಿನಲ್ಲಿ ಬೀಗ ಮಾತ್ರ ಇರುತ್ತದೆ, ಬೀಗದ ಕೈ ಹಳೆ ಫೋನಿನೊಳಗೆ. ಫೋನನ್ನು ಅಳಿಸಿದರೆ ಬೀಗದ ಕೈಯೂ ಹೋಯಿತು. ಕವರಿನ ಜಗಳ ಇಲ್ಲದಿದ್ದರೆ ಅರ್ಧ ಗಂಟೆ ಮೊದಲೇ ಅಳಿಸಿರುತ್ತಿದ್ದೆ.

ಕಾರ್ಡನ್ನು ಹಳೆ ಫೋನಿಗೆ ಹಾಕಿದೆ. ಬೀಗ ತೆಗೆಯುವ ಸೆಟ್ಟಿಂಗ್ ಒತ್ತಿದೆ. ಪಾಸ್‌ವರ್ಡ್ ಜೊಹರಾ ಒತ್ತಿದರು. ರಾಮಣ್ಣ ಕವರನ್ನು ಕೆಳಗಿಟ್ಟು ಹತ್ತಿರ ಬಂದರು. ಅವರ ಮುದಿ ತಾಯಿಯ ಸ್ವರ ಬ್ಯಾರಿ ಭಾಷೆಯಲ್ಲಿ ಗದರಿತು: ರೊಟ್ಟಿಯ ಹಿಟ್ಟಿಗೆ ಇಷ್ಟು ನೀರು ಸುರಿದವಳು ಯಾರು?

“ನಾನೇ,” ಎಂದರು ಜೊಹರಾ, ಫೋನಿಗೆ. ಮತ್ತೆ ನನಗೆ, “ಇನ್ನೊಮ್ಮೆ ಹಾಕಿ ಅಣ್ಣಾ.”

ಮೂರು ಸಲ ಹಾಕಿದೆ. ಎಲ್ಲ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿಕೊಟ್ಟೆ.

ಅವರು ಹೋದ ಮೇಲೆ ರಾಮಣ್ಣ ಹೇಳಿದರು: “ನಾನು ಕವರ್ ಕೇಳದಿದ್ರೆ ಆ ಸ್ವರ ಉಳೀತಿತ್ತಾ?”

“ನಾನು ಕೂಡ್ಲೇ ಕೊಟ್ಟಿದ್ರೆ ಉಳೀತಿತ್ತಾ?”

ತೀರ್ಮಾನವಾಗಲಿಲ್ಲ. ಫೋನು ಅಳಿಸಿ ಕೊಟ್ಟಾಗ ಕವರೂ ಅವರ ಜೊತೆ ಹೋಯಿತು, ಪುಕ್ಕಟೆ. ನನ್ನ ಅಂಗಡಿಯಲ್ಲಿ ಅದೇ ಮೊದಲು.

ಈಗ ಫೋನು ಮಾರಿದವರು ಎದುರಿಗೆ ಕೂತು, ಕಾರ್ಡಿನ ಫೈಲು ಹೊಸ ಫೋನಿನಲ್ಲಿ ತೆರೆದು ತೋರಿಸದೆ ನಾನು ಯಾವ ಫೋನನ್ನೂ ಅಳಿಸುವುದಿಲ್ಲ. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಕಾಯುವ ಗಿರಾಕಿಗೆ ಒಂದು ಕವರ್ ಫ್ರೀ. ಇವತ್ತು ಬಿಚ್ಚಿದ ಕಟ್ಟು ಅದಕ್ಕೇ. ಹೆಂಡತಿ ಮಾತ್ರ ನನ್ನ ವಿದ್ಯೆಗೆ ತಾನಿಟ್ಟ ಹೆಸರನ್ನು ಇನ್ನೂ ವಾಪಸು ತೆಗೆದುಕೊಂಡಿಲ್ಲ.