ಪಾತ್ರೆಗೆ ಇಳಿಯದ ಹೇಂಟೆ

ಸಂಪಾಜೆಯಲ್ಲಿ ಘಾಟಿ ಶುರುವಾಗುವ ಮೊದಲು ರಸ್ತೆ ಬದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು ಇದೆ. ನಾಲ್ಕು ಮೇಜು, ಹಿಂದೆ ಅಡುಗೆಮನೆ, ಅದರ ಹಿಂದೆ ನಾವು ವಾಸವಿರುವ ಎರಡು ಕೋಣೆ, ಆಮೇಲೆ ಹಿತ್ತಿಲು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅಲ್ಲಿ ಕೋಳಿ ಕೊಯ್ಯುವವಳು ನಾನೇ. ಪುಕ್ಕ ತೆಗೆಯುವುದು, ಸುಡುವುದು, ತುಂಡು ಮಾಡುವುದು, ಮಸಾಲೆ ಕಡೆಯುವುದು ಎಲ್ಲ ನನ್ನದೇ ಕೆಲಸ. ಗಂಡ ಬಡಿಸುತ್ತಾರೆ, ಗಲ್ಲಾದಲ್ಲಿ ಕೂರುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಭಾನುವಾರ ಊರ ಕೋಳಿಯ ಸಾರು, ನೀರುದೋಸೆ. ಮಡಿಕೇರಿಗೆ ಹೋಗುವವರು ಅದಕ್ಕಾಗಿಯೇ ಕಾರು ನಿಲ್ಲಿಸುತ್ತಾರೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಯಾಕೆಂದರೆ, ಆಮೇಲೆ ನಾನು ಮಾಡಿದ್ದನ್ನು ಕೇಳಿ ನನ್ನನ್ನು ಮೃದು ಮನಸ್ಸಿನವಳು ಎಂದು ಹೊಗಳಿದವರಿದ್ದಾರೆ. ಆ ಹೊಗಳಿಕೆ ನನಗೆ ಬೇಡ.

ಊರ ಕೋಳಿಗಳನ್ನು ನಾನು ಹಿತ್ತಿಲಲ್ಲೇ ಸಾಕುತ್ತೇನೆ. ಅವುಗಳಲ್ಲಿ ಒಂದು ಬೋಳು ಕುತ್ತಿಗೆಯ ಹೇಂಟೆ ಇತ್ತು. ನೋಡಲು ಏನೂ ಚಂದ ಇರಲಿಲ್ಲ. ಮೈ ಬೂದಿ ಬಣ್ಣ, ಕುತ್ತಿಗೆಯಲ್ಲಿ ಒಂದೂ ಪುಕ್ಕವಿಲ್ಲದೆ ಬರೀ ಕೆಂಪು ಚರ್ಮ. ಕೈಗೆ ಸಿಗುತ್ತಿರಲಿಲ್ಲ, ಸಿಕ್ಕಿದರೆ ಕುಕ್ಕದೆ ಬಿಡುತ್ತಿರಲಿಲ್ಲ. ಆದರೆ ಕಾವಿಗೆ ಕೂತರೆ ಒಂದು ಮೊಟ್ಟೆಯೂ ಹಾಳಾಗುತ್ತಿರಲಿಲ್ಲ. ಮರಿಗಳ ಹತ್ತಿರ ಬಂದ ಮುಂಗುಸಿಯನ್ನು ಅದು ಬೇಲಿಯವರೆಗೆ ಅಟ್ಟಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಅದರ ನಡಿಗೆ ಬದಲಾಯಿತು. ಕಾಲು ಅಗಲಿಸಿಕೊಂಡು ಬಾತುಕೋಳಿಯಂತೆ ಹೆಜ್ಜೆ ಹಾಕುತ್ತಿತ್ತು. ಮೊಟ್ಟೆ ಇಡುವುದು ನಿಂತು ಎರಡು ವಾರವಾಗಿತ್ತು. ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬೇಕು ಎಂದುಕೊಂಡು ಹಿಡಿಯಲು ಹೋದೆ. ಅದು ಓಡಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ. ಎತ್ತಿ ಮಡಿಲಲ್ಲಿಟ್ಟು ಮುಟ್ಟಿ ನೋಡಿದರೆ ಹೊಟ್ಟೆ ನೀರು ತುಂಬಿ ಕಟ್ಟಿದ ಪ್ಲಾಸ್ಟಿಕ್ ತೊಟ್ಟೆಯ ಹಾಗಿತ್ತು. ಜುಟ್ಟು ಪುನರ್ಪುಳಿ ಸಿಪ್ಪೆಯ ಕಪ್ಪುಗೆಂಪು ಬಣ್ಣಕ್ಕೆ ತಿರುಗಿತ್ತು. ಕೊಕ್ಕು ತೆರೆದುಕೊಂಡೇ ಉಸಿರಾಡುತ್ತಿತ್ತು. ಇಷ್ಟು ವರ್ಷ ಕೋಳಿ ಬಿಡಿಸಿದವಳಿಗೆ ಒಳಗೆ ಏನಿರಬಹುದೆಂದು ಅಂದಾಜಾಗುತ್ತದೆ. ಹಿಂದೆ ಎರಡು ಸಲ, ಕತ್ತಿ ತಾಗಿದ ಕೂಡಲೇ ಹೊಟ್ಟೆಯಿಂದ ಹಳದಿ ನೀರು ಚಿಮ್ಮಿದ್ದುಂಟು. ಎರಡು ಸಲವೂ ಇಡೀ ಕೋಳಿಯನ್ನು ಹೊಂಡ ತೋಡಿ ಮುಚ್ಚಿದ್ದೆ.

ಅಂದು ಶನಿವಾರ. ಮರುದಿನ ಮಧ್ಯಾಹ್ನಕ್ಕೆ ಪ್ರವಾಸದ ಒಂದು ದೊಡ್ಡ ತಂಡ ಊಟಕ್ಕೆ ಹೇಳಿತ್ತು. ನಾನು ಹೇಂಟೆಯನ್ನು ಮಡಿಲಲ್ಲಿಟ್ಟು ಹೋಟೆಲಿನ ಬದಿಯ ಮೆಟ್ಟಿಲಲ್ಲಿ ಕೂತಿರುವಾಗ ಭಾವ ಬಂದರು. ಭಾವ ಎಂದರೆ ನನ್ನ ಗಂಡನ ಅಣ್ಣ. ಹೋಟೆಲಿನ ಕಟ್ಟಡ ಅವರ ಹೆಸರಿನಲ್ಲಿದೆ. ವಾರಕ್ಕೆರಡು ಸಲ ಬಂದು, ಚಹಾ ಕುಡಿದು, ಹೋಟೆಲು ಹೇಗೆ ನಡೆಸಬೇಕೆಂದು ಹೇಳಿ ಹೋಗುತ್ತಾರೆ.

ಅವರು ಬಗ್ಗಿ ಹೇಂಟೆಯ ಹೊಟ್ಟೆ ನೋಡಿದರು. "ನಾಳೆಗೆ ಇದನ್ನೂ ಕೊಯ್ದು ಹಾಕು. ತಾನಾಗಿ ಸತ್ರೆ ಹಾಳು. ಮಸಾಲೆಯಲ್ಲಿ ಯಾರಿಗೆ ಗೊತ್ತಾಗ್ತದೆ?"

"ರೋಗದ ಕೋಳಿ ನನ್ನ ಪಾತ್ರೆಗೆ ಇಳಿಯುದಿಲ್ಲ ಭಾವ."

"ಹಾಗಾದ್ರೆ ಕುತ್ತಿಗೆ ತಿರುಚಿ ಹೊಂಡಕ್ಕೆ ಹಾಕು."

"ನಾನು ಕೋಳಿ ಕೊಲ್ಲುದು ಅಡುಗೆಗೆ. ಅಡುಗೆಗಲ್ಲದ್ದನ್ನು ಯಾಕೆ ಕೊಲ್ಲುದು?"

ಆ ಮಾತು ಬಾಯಿಂದ ಹೊರಡುವವರೆಗೆ ಅದು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಮತ್ತೇನು ಮಾಡುತ್ತೀ ಎಂದು ಅವರು ಕೇಳಿದರು. ಸೋಮವಾರ ಹೋಟೆಲಿಗೆ ರಜೆ, ಸುಳ್ಯದ ಡಾಕ್ಟರ ಹತ್ತಿರ ಕೊಂಡುಹೋಗುತ್ತೇನೆ ಎಂದೆ. "ನಿನಗೆ ಮಂಡೆ ಸಮ ಉಂಟಾ?" ಎಂದು ಅವರು ನಕ್ಕ ನಗುವಿಗೆ ಒಳಗೆ ಮೂಲೆಯಲ್ಲಿ ಊಟ ಮಾಡುತ್ತಿದ್ದ ಲಾರಿ ಡ್ರೈವರ್ ತಲೆಯೆತ್ತಿ ನೋಡಿದ.

ಅಣ್ಣನ ಮಾತಿಗೆ ಗಂಡ ಎಂದೂ ಎದುರಾಡಿದವರಲ್ಲ. ಆದರೆ ಸೋಮವಾರ ಬೆಳಿಗ್ಗೆ ನಾನು ಸೀರೆ ಉಟ್ಟು ಹೊರಗೆ ಬಂದರೆ, ಅವರು ಬುಟ್ಟಿಯೊಳಗೆ ಮೈ ಒರೆಸುವ ಹಳೆಯ ಬೈರಾಸು ಹಾಸುತ್ತಿದ್ದರು. ತಾನೂ ಬರುತ್ತೇನೆ, ಸೂಜಿ ಚುಚ್ಚುವಾಗ ಹಿಡಿಯಲು ಇಬ್ಬರು ಬೇಕಾಗಬಹುದು ಎಂದರು.

ಡಾಕ್ಟರ ಜಗಲಿಯಲ್ಲಿ ನಾಯಿ, ಆಡು ಹಿಡಿದುಕೊಂಡವರ ನಡುವೆ ನಾವು ಬುಟ್ಟಿ ಇಟ್ಟುಕೊಂಡು ಕೂತೆವು. ಒಬ್ಬರು ನನ್ನ ಗುರುತು ಹಿಡಿದು, ನೀವು ಸಂಪಾಜೆಯಲ್ಲಿ ಕೋಳಿ ಸಾರು ಮಾಡುವವರಲ್ಲವೇ ಎಂದು ಕೇಳಿದರು. ಕೂತವರೆಲ್ಲ ನಕ್ಕರು. ಹೌದು, ಭಾನುವಾರ ಬನ್ನಿ ಎಂದೆ.

ಡಾಕ್ಟರು ಎರಡು ಬೆರಳಿನಿಂದ ಹೊಟ್ಟೆ ಒತ್ತಿ ನೋಡಿದರು. ಮೊಟ್ಟೆಯ ಹಳದಿ ತನ್ನ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೆಟ್ಟರೆ ಹೀಗಾಗುತ್ತದೆ, ಲಿವರ್ ಹಾಳಾದರೂ ಹೀಗಾಗುತ್ತದೆ ಎಂದು ವಿವರಿಸಿದರು. ಯಾವುದೇ ಆದರೂ ಪೂರ್ತಿ ಗುಣವಾಗುವುದು ಕಷ್ಟ. ನೀರು ತೆಗೆದರೆ ಉಸಿರು ಸಲೀಸಾಗುತ್ತದೆ, ಆದರೆ ಅದು ಮತ್ತೆ ತುಂಬುತ್ತದೆ. ಅಷ್ಟು ಹೇಳಿ ನನ್ನ ಮುಖ ನೋಡಿದರು.

"ಅಕ್ಕ, ಇದು ಇನ್ನು ಮೊಟ್ಟೆ ಇಡುದು ಸಂಶಯ. ಸಾಕಿ ಎಂತ ಮಾಡ್ತೀರಿ?"

"ಮೊಟ್ಟೆ ಕೇಳ್ಲಿಕ್ಕೆ ಬಂದದ್ದಲ್ಲ ಡಾಕ್ಟ್ರೆ. ಅದಕ್ಕೆ ಉಸಿರಾಡ್ಲಿಕ್ಕೆ ಆಗುದಿಲ್ಲ. ನೀರು ತೆಗೀರಿ."

ಅವರು ಸೂಜಿ ತೆಗೆದುಕೊಂಡರು. ಗಂಡ ರೆಕ್ಕೆ ಹಿಡಿದರು, ನಾನು ಕಾಲು ಹಿಡಿದೆ. ಬಲಬದಿಯಲ್ಲಿ, ಕೆಳಗೆ, ಸೂಜಿ ಇಳಿಯಿತು. ಒಣಹುಲ್ಲಿನ ಬಣ್ಣದ ನೀರು ನಿಧಾನ ಬಂತು. ಒಮ್ಮೆಲೇ ಎಲ್ಲ ತೆಗೆದರೆ ಕೋಳಿ ತಡೆದುಕೊಳ್ಳುವುದಿಲ್ಲ ಎಂದು ಅವರು ನಡುನಡುವೆ ನಿಲ್ಲಿಸುತ್ತಿದ್ದರು. ಒಂದು ಲೋಟದಷ್ಟು ಹೋದ ಮೇಲೆ, ಮೂರು ದಿನದಿಂದ ತೆರೆದೇ ಇದ್ದ ಕೊಕ್ಕನ್ನು ಹೇಂಟೆ ಮುಚ್ಚಿತು. ಗಂಡ ನನ್ನನ್ನು ನೋಡಿದರು. ಆಮೇಲೆ ಅದು ಅವರ ಹೆಬ್ಬೆರಳನ್ನು ಕುಕ್ಕಿತು.

ಮನೆಗೆ ತಂದು ಸೌದೆ ಕೊಟ್ಟಿಗೆಯಲ್ಲಿ, ಅಡುಗೆಮನೆಯಿಂದ ದೂರ, ಹುಲ್ಲು ಹಾಸಿ ಬೇರೆಯೇ ಇಟ್ಟೆ. ಗುಳಿಗೆಯನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕಲಸಿ ಕೊಡುತ್ತಿದ್ದೆ. ಕುಚ್ಚಲಕ್ಕಿ ಗಂಜಿ, ನುಗ್ಗೆ ಸೊಪ್ಪು. ಸಂಜೆ ಡಾಕ್ಟರು ಕೊಟ್ಟ ಉಪ್ಪು ಹಾಕಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಒರೆಸಿ, ಕೈ ಸಾಬೂನಿನಲ್ಲಿ ತೊಳೆದು ಒಲೆಯ ಮುಂದೆ ಬರುತ್ತಿದ್ದೆ.

ಅಷ್ಟರಲ್ಲಿ ಭಾವ ಸುದ್ದಿಯನ್ನು ಪೇಟೆಯಲ್ಲೆಲ್ಲ ಹೇಳಿ ನಗಾಡಿದ್ದರು. ಅದು ಬಾಯಿಂದ ಬಾಯಿಗೆ ಹೋಗಿ, ನಮ್ಮ ಹೋಟೆಲಿನ ಕೋಳಿಗೆ ಹಕ್ಕಿಜ್ವರ ಎಂದಾಯಿತು. ಆ ಭಾನುವಾರ ಎರಡು ಕಾರು ನಿಲ್ಲಿಸಿದವರು, ವಿಚಾರಿಸಿ, ಹಾಗೆಯೇ ಮುಂದೆ ಹೋದರು. ನಾನು ಮರುದಿನ ಪುನಃ ಸುಳ್ಯಕ್ಕೆ ಹೋದೆ. ಇದು ಹರಡುವ ರೋಗವಲ್ಲ, ಹಕ್ಕಿಜ್ವರವಲ್ಲ ಎಂದು ಡಾಕ್ಟರಿಂದ ಚೀಟಿ ಬರೆಸಿಕೊಂಡು ಬಂದು, ಊಟದ ದರ ಬರೆದ ಬೋರ್ಡಿನ ಕೆಳಗೆ ಅಂಟಿಸಿದೆ. ಕೆಳಗೆ ನನ್ನ ಕೈಯಾರೆ ಬರೆದೆ: ಈ ಕೋಳಿ ಔಷಧಿಯಲ್ಲಿದೆ, ಅಡುಗೆಗೆ ಇಲ್ಲ.

ಭಾವ ಬಂದು ಅದನ್ನು ಓದಿದರು. ಹೋಟೆಲಿನ ಮರ್ಯಾದೆ ಹೋಯಿತು, ಈಗಲೇ ತೆಗೆ ಎಂದರು. ಕಟ್ಟಡ ಯಾರದ್ದೆಂದು ನೆನಪಿರಲಿ ಎಂದೂ ಹೇಳಿದರು. ನಾನು ಚೀಟಿಯ ಮುಂದೆ ನಿಂತು ಹೇಳಿದೆ.

"ಮರ್ಯಾದೆ ಹೋಗುದು ರೋಗದ ಕೋಳಿ ಬಡಿಸಿದ್ರೆ. ಬಡಿಸ್ಲಿಕ್ಕೆ ಹೇಳಿದ್ದು ಯಾರು ಅಂತಲೂ ಬರೆದು ಅಂಟಿಸ್ಲಾ ಭಾವ?"

ಅವರು ತಮ್ಮನ ಕಡೆ ತಿರುಗಿದರು. ಗಂಡ ಮೇಜು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸದೆ, "ಚೀಟಿ ಅಲ್ಲೇ ಇರ್ಲಿ ಅಣ್ಣ," ಎಂದರು. ಭಾವ ಅರ್ಧ ಚಹಾ ಬಿಟ್ಟು ಎದ್ದು ಹೋದರು. ಆಮೇಲೆ ತಿಂಗಳುಗಟ್ಟಲೆ ಇತ್ತ ಸುಳಿಯಲಿಲ್ಲ. ಕಟ್ಟಡ ಬಿಡಿಸುತ್ತಾರೋ ಎಂಬ ಭಯ ನಮಗಿಬ್ಬರಿಗೂ ಇತ್ತು.

ಚೀಟಿ ಓದಿ ಗಿರಾಕಿಗಳು ಮರಳಿ ಬಂದರು. ಕೆಲವರು ಕೋಳಿಯನ್ನು ನೋಡಬೇಕೆಂದರು. ಬೆಂಗಳೂರು ಕಡೆಯ ಒಬ್ಬ ಹೆಂಗಸು ಮಾತ್ರ, ಒಂದನ್ನು ಸಾಕಿ ಇನ್ನೊಂದನ್ನು ಕೊಯ್ಯಲು ಕೈ ಹೇಗೆ ಬರುತ್ತದೆ ನಿಮಗೆ, ಇಷ್ಟಾದ ಮೇಲಾದರೂ ಬಿಡಬಾರದೇ ಎಂದು ಕೇಳಿದಳು. ಎರಡಕ್ಕೂ ಇದೇ ಕೈ ಎಂದು ಅವಳ ಮುಂದೆ ಕೈ ಚಾಚಿ ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಆಗಬೇಕೆಂದು ನಾನು ಹೇಳಿದ್ದೂ ಅಲ್ಲ.

ನೀರು ಮತ್ತೆ ತುಂಬಿತು. ಇನ್ನೂ ಎರಡು ಸಲ ಸುಳ್ಯಕ್ಕೆ ಹೋಗಿ ತೆಗೆಸಿದೆವು. ಪ್ರತಿ ಸಲ ತೆಗೆಸಿದಾಗ ಕೆಲವು ವಾರ ಹೇಂಟೆ ಹಿತ್ತಿಲಿಗೆ ಇಳಿದು ತರಗೆಲೆ ಕೆದಕುತ್ತಿತ್ತು, ಹುಂಜಗಳನ್ನು ಗದರಿಸುತ್ತಿತ್ತು. ಎಪ್ರಿಲಿನಲ್ಲಿ, ಬಿಸು ಹಬ್ಬದ ಮುಂಚಿನ ವಾರ, ಒಂದು ಮಧ್ಯಾಹ್ನ, ನಾನು ಅಕ್ಕಿ ತೊಳೆಯುತ್ತಿರುವಾಗ ಗಂಡ ಬಂದು ಕರೆದರು. ಅದು ಬೂದಿ ಗುಂಡಿಯ ಹತ್ತಿರ ಬಿಸಿಲಿನಲ್ಲಿ ರೆಕ್ಕೆ ಹರಡಿಕೊಂಡು ಮಲಗಿತ್ತು. ಧೂಳಿನಲ್ಲಿ ಹೊರಳುತ್ತಿದೆ ಎಂದೇ ಅಂದುಕೊಂಡೆ. ಮುಟ್ಟಿದಾಗ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಬಾಳೆಯ ಬುಡದಿಂದ ಆಚೆ ಆಳ ಹೊಂಡ ತೋಡಿ ಮುಚ್ಚಿದೆವು.

ಅದಾಗಿ ಎರಡನೇ ಭಾನುವಾರ ಭಾವ ಬಂದರು. ಯಾರೂ ಕರೆದಿರಲಿಲ್ಲ. ಕೂತು, ನೀರುದೋಸೆ ಸಾರು ತಿನ್ನುತ್ತಾ, ನನ್ನನ್ನು ಕರೆದು ಕೇಳಿದರು.

"ಇಷ್ಟೆಲ್ಲ ಮಾಡಿ ಎಂತ ಸಿಕ್ಕಿತು ನಿನಗೆ?"

"ನನಗೆ ಎಂತ ಸಿಗ್ಲಿಕ್ಕುಂಟು? ಅದಕ್ಕೆ ಐದು ತಿಂಗಳು ಉಸಿರಾಡ್ಲಿಕ್ಕೆ ಆಯ್ತು."

"ಒಂದು ಕೋಳಿಗೆ," ಎಂದರು.

"ಹೌದು, ಒಂದು ಕೋಳಿಗೆ," ಎಂದೆ.

ಅವರು ತಲೆ ಬಗ್ಗಿಸಿ ಊಟ ಮುಂದುವರಿಸಿದರು. ಗಂಡ ಅಣ್ಣನ ತಟ್ಟೆಗೆ ಇನ್ನೆರಡು ದೋಸೆ ಹಾಕಿದರು, ನಾನು ಒಂದು ಸೌಟು ಸಾರು ಬಡಿಸಿದೆ. ಹೊರಗೆ ಮತ್ತೊಂದು ಕಾರು ಬಂದು ನಿಂತಿತು. ದೋಸೆಯ ಕಾವಲಿ ಒಲೆಯ ಮೇಲೆ ಕಾಯುತ್ತಿತ್ತು, ನಾನು ಒಳಗೆ ಹೋದೆ.