ಕೋಡಿ ರಸ್ತೆಯ ನೀರುಗಂಟಿ

ಅವರ ಎಡಗಾಲಿನ ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮುನಿಸಿಕೊಂಡ ಹಾಗೆ ದೂರ ನಿಂತಿರುತ್ತಿತ್ತು. ಕೆರೆ ಏರಿಯ ಕೆಸರಲ್ಲಿ ಬೆರಳೂರಿ ನಡೆದ ಕಾಲು ಅದು. ಡಾಂಬರು ಬಂದ ಮೇಲೂ ಚಪ್ಪಲಿ ಅವರ ಕಾಲಲ್ಲಿದ್ದುದಕ್ಕಿಂತ ಕಂಕುಳಲ್ಲಿದ್ದುದೇ ಹೆಚ್ಚು. ಕೇಳಿದರೆ, "ಇಳಿಜಾರು ಕಾಲಿಗೆ ಗೊತ್ತಾಗ್ಬೇಕಲ್ವಾ?" ಅನ್ನುತ್ತಿದ್ದರು.

ಮಲ್ಲತ್ತಹಳ್ಳಿಯಿಂದ ಕೆಂಗೇರಿ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಕೆರೆಗೆ ಅವರು ಕೊನೆಯ ನೀರುಗಂಟಿ. ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು ಅವರ ಮನೆತನದ ಕೆಲಸ. ಗದ್ದೆಗಳು ಸೈಟುಗಳಾಗಿ ಕೆಲಸ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಏರಿಯ ಮೇಲೆ ಒಂದು ಸುತ್ತು, ಕಾಲುವೆಗೆ ಕಸ ಹಾಕುವವರಿಗೆ ಯಥೇಚ್ಛ ಬೈಗುಳ, ಆಮೇಲೆ ಮೂಲೆ ಅಂಗಡಿಯಲ್ಲಿ ಟೀ.

ನಾನು ಆ ವಾರ್ಡಿನ ಇಂಜಿನಿಯರ್. ಈಗಿನ ಮಳೆಗೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ. ತಿಂಗಳಲ್ಲಿ ಬರಬೇಕಾದ್ದು ಒಂದೇ ಮಧ್ಯಾಹ್ನ ಸುರಿದುಬಿಡುತ್ತದೆ. ಹಾಗಾಗಿ ಮುಂದಿನ ಮಳೆಗಾಲಗಳಿಗೆ ವಾರ್ಡನ್ನು ಸಜ್ಜುಗೊಳಿಸುವ ಯೋಜನೆ ಬರೆಯಿರಿ ಎಂದು ಆದೇಶ ಬಂತು. ನಾನು ಕಂಪ್ಯೂಟರ್ ಮುಂದೆ ಕೂತು, ತಗ್ಗಿನ ಶೆಡ್ಡುಗಳ ಕುಟುಂಬಗಳನ್ನೂ ಅಂಗನವಾಡಿ ಮಕ್ಕಳನ್ನೂ ಕೋಟಿ ರಸ್ತೆಯ ಸಮುದಾಯ ಭವನಕ್ಕೆ ಸಾಗಿಸುವುದು ಎಂದು ಬರೆದೆ. ದೊಡ್ಡ ಹಾಲ್, ಶೌಚಾಲಯ, ಜನರೇಟರ್, ಎಲ್ಲಾ ಇತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದೇ ಭವನದಲ್ಲಿ ನಿವಾಸಿಗಳ ಸಭೆ ನಡೆಯಿತು. ಯೋಜನೆ ಓದಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ನೀರುಗಂಟಿ ಎದ್ದರು.

"ಮೇಡಮ್ಮೋರೆ, ಇದು ಕೋಟಿ ರಸ್ತೆ ಅಲ್ಲ, ಕೋಡಿ ರಸ್ತೆ. ಬೋರ್ಡ್ ಬರೆದೋನು ತಪ್ಪು ಬರ್ದವ್ನೆ."

"ಇಲ್ಲಿನ ಸೈಟ್ ರೇಟ್ ನೋಡಿದ್ರೆ ಕೋಟಿನೇ ಸರಿ ಬಿಡಿ ತಾತ," ಎಂದರು ಯಾರೋ. ಸಭೆ ನಕ್ಕಿತು. ನಾನೂ ನಕ್ಕೆ.

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗಕ್ಕೆ ಕೋಡಿ ಅನ್ನುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಬೋರ್ಡಿನ ಅಕ್ಷರವನ್ನು ಅನುಮಾನಿಸಬೇಕೆಂದು ಹೊಳೆದಿರಲಿಲ್ಲ, ಅಷ್ಟೆ.

"ಏರಿ ಎತ್ತರಿಸಿದ್ದೀವಿ, ಪೈಪ್ ಹಾಕಿದ್ದೀವಿ. ಇಲ್ಲಿನ ಸೈಟುಗಳಿಗೆಲ್ಲ ಖಾತಾ ಆಗಿದೆ ತಾತ," ಎಂದೆ.

"ನೀರಿಗೆ ಎ ಖಾತಾನೂ ಗೊತ್ತಿಲ್ಲ, ಬಿ ಖಾತಾನೂ ಗೊತ್ತಿಲ್ಲ ಕಣವ್ವ."

ಮಾರನೆಯ ದಿನ ಬೆಳಿಗ್ಗೆ ಕಚೇರಿ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕೆರೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಒಂದು ಮನೆಯಿಂದ ಕೊಡ ನೀರು ಕೇಳಿ ತಂದು ರಸ್ತೆಯ ತಲೆಯಲ್ಲಿ ಸುರಿದರು. ಅದು ಅರ್ಧ ದಾರಿಯಲ್ಲೇ ಇಂಗಿತು. ಇನ್ನೊಂದು ಕೇಳಿದರು. "ಕಾವೇರಿ ನೀರು ತಾತ ಇದು, ಸಂಪಲ್ಲಿರೋದೇ ಇಷ್ಟು," ಎಂದು ಆ ಮನೆಯಾಕೆ ಗೊಣಗುತ್ತಲೇ ಕೊಟ್ಟರು. ಮೂರನೆಯ ಕೊಡದ ನೀರು ನಮ್ಮ ಮುಂದೆ ಮುಂದೆ ಹರಿದು, ಯಾವ ಮೋರಿಗೂ ಇಳಿಯದೆ, ಸಮುದಾಯ ಭವನದ ಗೇಟಿನೊಳಗೆ ನುಗ್ಗಿ ಮೆಟ್ಟಿಲ ಬುಡದಲ್ಲಿ ನಿಂತಿತು.

ಅವರು ಆ ಮೆಟ್ಟಿಲ ಮೇಲೆ ಕೂತರು.

"ಇದು ನಮ್ ಮಾನ್ಯದ ಗದ್ದೆ ಕಣವ್ವ. ನೀರುಗಂಟಿ ಕೆಲ್ಸಕ್ಕೆ ಅಂತ ಊರೋರು ನಮ್ ತಾತಂಗೆ ಬಿಟ್ಟಿದ್ದು. ಲೇಔಟ್‌ನೋರಿಗೆ ಕೊಟ್ಟೋನು ನಾನೇ. ಕೋಡಿ ನೀರು ಇಲ್ಲೇ ಬರುತ್ತಾ ಅಂತ ಅವ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಇಲ್ಲಿಗೇ ಮಕ್ಳನ್ನ ತಂದು ತುಂಬ್ತೀನಿ ಅಂತೀರಿ."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರಲ್ಲ ಎಂದು. ಆದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ; ನಿಂತ ನೀರನ್ನೇ ನೋಡುತ್ತಿದ್ದರು.

ಆಸರೆಯ ಜಾಗವನ್ನು ಎತ್ತರದ ಬೋರೆಯ ಮೇಲಿನ ಸರ್ಕಾರಿ ಶಾಲೆಗೆ ಬದಲಾಯಿಸಿದೆ. "ಮೂರು ಕೊಡ ನೀರು ನಂಬ್ಕೊಂಡು ಪ್ಲಾನ್ ಬದಲಾಯಿಸ್ತೀರೇನ್ರೀ?" ಎಂದರು ನನ್ನ ಮೇಲಧಿಕಾರಿ. ನಾನು ಹೆದರಿದೆ. ಮಾಹಿತಿಯ ಮೂಲ ಎಂಬ ಕಾಲಂನಲ್ಲಿ ಉಪಗ್ರಹ ನಕ್ಷೆ ಎಂದು ಬರೆದೆ. ತಕ್ಷಣ ಸಹಿ ಬಿತ್ತು.

ಆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕೆರೆ ಕೋಡಿ ಬಿತ್ತು. ಸಮುದಾಯ ಭವನದಲ್ಲಿ ಎದೆಮಟ್ಟ ನೀರು, ಕುರ್ಚಿಗಳು ತೇಲಾಡುತ್ತಿದ್ದವು. ಮಕ್ಕಳು ಬೋರೆಯ ಶಾಲೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ನೀರುಗಂಟಿ ನೆನೆದುಕೊಂಡೇ ಬಂದು, ಬಾಗಿಲಲ್ಲಿ ನಿಂತು ತಲೆಗಳನ್ನು ಒಂದೊಂದಾಗಿ ನೋಡಿ, ವಾಪಸು ಹೋದರು.

ಬೇಸಿಗೆ ಬರುವ ಮೊದಲೇ ಅವರು ತೀರಿಕೊಂಡರು. ಹನ್ನೊಂದನೆಯ ದಿನ ಮನೆಗೆ ಹೋಗಿದ್ದೆ. ಊಟಕ್ಕೆ ಬಡಿಸುತ್ತಾ ಅವರ ಸೊಸೆ ಕೇಳಿದರು: "ನಿಮ್ ರಿಪೋರ್ಟಲ್ಲಿ ಮಾವನ ವಿಷ್ಯ ಬಂದೈತಾ ಮೇಡಂ? ಬಂದಿರ್ಬೇಕು ಅಂತಿದ್ರು."

ಸುಳ್ಳು ಹೇಳಬಹುದಿತ್ತು. "ಇಲ್ಲಮ್ಮ," ಎಂದೆ.

"ವರ್ಷಾ ವರ್ಷಾ ಬರೀತೀರಂತಲ್ಲ. ಈ ಸಲ ಹಾಕಿ," ಎಂದು ಆಕೆ ಮುಂದಿನ ಎಲೆಗೆ ಹೋದರು.

ಈ ವರ್ಷದ ಯೋಜನೆಯಲ್ಲಿ, ಮಾಹಿತಿಯ ಮೂಲ: ಕೆರೆಯ ನೀರುಗಂಟಿ ಎಂದು ಬರೆದೆ. ಇಲಾಖೆಯಲ್ಲಿ ಅಂಥ ಹುದ್ದೆ ಇರುವುದಿಲ್ಲ ಎಂದು ಕೆಂಪು ಗೆರೆ ಎಳೆದು ಕಡತ ವಾಪಸು ಕಳಿಸಿದರು. ಅದನ್ನೇ ಮತ್ತೆ ಬರೆದು ಕಳಿಸಿದ್ದೇನೆ.