ಹಂಪ್ ಬಂತು, ತಾತ

ಅದು ಭಾನುವಾರ. ಮಗಳಿಗೆ ಹೊಸ ಶೂ ಕೊಡಿಸೋಣವೆಂದು ನನ್ನ ಸ್ಕೂಟರಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿಕೊಂಡು ಹೊರಟಿದ್ದೆ. ಸಿದ್ಧಾರ್ಥನಗರದ ನಮ್ಮ ರಸ್ತೆಯನ್ನು ಇನ್ನೂ ದಾಟಿರಲಿಲ್ಲ, ಅವಳು ಶುರುಮಾಡಿದಳು. "ಹಂಪ್ ಬಂತು, ನಿಧಾನ." ನಿಧಾನ ಮಾಡಿದೆ. "ಎಡಗಡೆ ಆಟೋ. ನಾಯಿ ಇದೆ, ನಾಯಿ ಇದೆ. ಹಾಂ, ಈಗ ಹೋಗು." ಏಳು ವರ್ಷದವಳು, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಯಾವುದೋ ಆಟ ಅಂದುಕೊಂಡೆ. ಸಿಗ್ನಲ್ ಹತ್ತಿರ "ಕೆಂಪು, ಕೆಂಪು!" ಎಂದು ನನ್ನ ಕೈ ಮೇಲೆ ಹೊಡೆದಾಗ ರೇಗಿತು.

"ಯಾಕೆ ಹಿಂಗೆ ಕಿರುಚ್ತೀಯಾ? ನಂಗೇನು ಕಣ್ಣಿಲ್ವಾ?"

ಅವಳು ಕತ್ತು ತಿರುಗಿಸಿ ನನ್ನ ಮುಖ ನೋಡಿದಳು. ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು. "ನಿಂಗೆ ಎಲ್ಲಾ ಕಾಣ್ಸುತ್ತಾ ಅಮ್ಮ? ತಾತಂಗಾದ್ರೆ ಎಲ್ಲಾ ನಾನೇ ಹೇಳ್ಬೇಕು."

ಹಸಿರು ಬಂದದ್ದನ್ನೂ ಅವಳೇ ಹೇಳಿದಳು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ದಾಟಿಕೊಂಡು ಗಾಡಿಯನ್ನು ಪಕ್ಕಕ್ಕೆ ಹಾಕಿ ವಿಚಾರಿಸಿದೆ. ದಿನಾ ಬೆಳಗ್ಗೆ ತಮ್ಮ ಸ್ಕೂಟರಿನಲ್ಲಿ ಇವಳನ್ನು ಶಾಲೆಗೆ ಬಿಡುವ ತಾತನಿಗೆ ಬಿಸಿಲಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದಂತೆ. ಶಾಲೆಯ ದಾರಿಯ ಮೂರು ಹಂಪು, ಒಂದು ಸಿಗ್ನಲ್ಲು, ಗೇಟಿನ ಮುಂದೆ ಬಾಯಿ ತೆರೆದುಕೊಂಡಿರುವ ಮೋರಿ, ಎಲ್ಲವನ್ನೂ ನೋಡಿ ಹೇಳುವ ಕೆಲಸ ಇವಳದಂತೆ. ಸಂಕ್ರಾಂತಿ ಕಳೆದ ಮೇಲಿಂದ ಹೀಗೆ. "ಯಾರಿಗೂ ಹೇಳ್ಬಾರ್ದು ಅಂತ ಪ್ರಾಮಿಸ್ ಮಾಡ್ಸ್ಕೊಂಡಿದಾರೆ. ನೀನೂ ಹೇಳ್ಬೇಡ, ಆಯ್ತಾ?" ಅಂದಳು. ಆಗ ಮಾರ್ಚ್ ತಿಂಗಳು. ಶೂ ಕೊಂಡೆವು. ಯಾವ ಬಣ್ಣದ್ದು ಎಂದು ಮನೆಗೆ ಬಂದು ಪೊಟ್ಟಣ ಬಿಚ್ಚಿದ ಮೇಲೆ ನೋಡಿದೆ.

ನಮ್ಮ ಮಾವನವರಿಗೆ ಆಗ ಎಪ್ಪತ್ತನಾಲ್ಕು. ಚಿಕ್ಕಂದಿನಲ್ಲಿ ಮಠದ ಹಾಸ್ಟೆಲಿನಲ್ಲಿದ್ದು ಓದಿದವರು, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಿವೃತ್ತಿ ಕಚೇರಿಯಿಂದ ಮಾತ್ರ, ಮನೆಯ ಸೂಪರಿಂಟೆಂಡೆಂಟ್ ಹುದ್ದೆ ಹಾಗೆಯೇ ಮುಂದುವರಿದಿತ್ತು. ಅತ್ತೆ ತೀರಿಕೊಂಡ ಮೇಲಂತೂ ಬೆಳಗಿನ ಲಿಂಗಪೂಜೆಯಿಂದ ಸಂಜೆ ಬಾಗಿಲು ಹಾಕುವವರೆಗೆ ಎಲ್ಲವೂ ಅವರು ಹೇಳಿದ ಹೊತ್ತಿಗೆ. ಸಿಟ್ಟಿನ ಮನುಷ್ಯರಲ್ಲ, ಕೂಗಾಡುವುದಿಲ್ಲ. ಅವರ ಶಿಕ್ಷೆ ಎಂದರೆ ಮೌನ. ಅದರ ಹಿಂದಿನ ವರ್ಷ ನನ್ನ ಗಂಡ "ಅಪ್ಪ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ" ಅಂದದ್ದಕ್ಕೆ "ನನ್ನ ಕಣ್ಣು ನಿಂಗಿಂತ ಚೆನ್ನಾಗಿದೆ" ಎಂದು ಎದ್ದುಹೋದವರು ಹನ್ನೊಂದು ದಿನ ಮಾತು ಬಿಟ್ಟಿದ್ದರು. ತಟ್ಟೆಗೆ ಮುದ್ದೆ ಬಿದ್ದ ಸದ್ದು ಕೂಡ ಕೇಳುವಂತಹ ಹನ್ನೊಂದು ದಿನ. ಆಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ.

ಈಗ ಯೋಚಿಸಿದರೆ ಎಲ್ಲ ಕಣ್ಣೆದುರೇ ಇತ್ತು. ಪೂಜೆಯ ವಚನಗಳೆಲ್ಲ ಬಾಯಿಪಾಠವಾದ್ದರಿಂದ ಪುಸ್ತಕ ಮುಟ್ಟುವ ಅಗತ್ಯವಿರಲಿಲ್ಲ. ಪೇಪರಿನ ತಲೆಬರಹಗಳನ್ನು ಮೊಮ್ಮಗಳಿಂದ ಗಟ್ಟಿಯಾಗಿ ಓದಿಸುತ್ತಿದ್ದರು. "ಇಂಗ್ಲಿಷ್ ಶಾಲೆ ಮಕ್ಕಳಿಗೆ ಕನ್ನಡ ಬರಲಿ ಅಂತ" ಎಂದು ಬಂದವರ ಮುಂದೆ ನಾವೇ ಹೊಗಳುತ್ತಿದ್ದೆವು. ಮಗುವಿಗೆ ಕನ್ನಡ ಚೆನ್ನಾಗಿಯೇ ಬಂತು ಬಿಡಿ.

ನನ್ನ ಕೆಲಸ ಏನೆಂದು ಹೇಳಿದರೆ ನೀವು ನಗುತ್ತೀರಿ. ಕಡಕೊಳದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರು. ಹೆಲ್ಮೆಟ್ ಹಾಕದವನನ್ನು ಗೇಟಿನಿಂದ ವಾಪಸ್ ಕಳಿಸುವುದು, ಎತ್ತರಕ್ಕೆ ಹತ್ತುವವನ ಬೆಲ್ಟು ನೋಡುವುದು, ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಕಣ್ಣಿನ ಪರೀಕ್ಷೆ ಮಾಡಿಸುವುದು. ಯಾರಾದರೂ ಅಪಾಯ ಕಂಡರೆ ತಕ್ಷಣ ಹೇಳಬೇಕು, ಎದುರಿಗಿರುವವರು ಯಾರು ಎಂದು ನೋಡಬಾರದು ಅಂತ ತಿಂಗಳಿಗೊಮ್ಮೆ ಎಲ್ಲರನ್ನೂ ಕೂರಿಸಿ ಪಾಠ ಮಾಡುವವಳು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಸಂಜೆ ಅಡುಗೆಮನೆಗೆ ಗಂಡನನ್ನು ಕರೆದು ಪಿಸುದನಿಯಲ್ಲಿ ಹೇಳಿದೆ. ಅವರು ಹಾಲಿನ ಪಾತ್ರೆಯನ್ನೇ ನೋಡುತ್ತ ನಿಂತು ಆಮೇಲೆ ಅಂದರು, "ನೀನೇ ಹೇಳ್ಬಿಡು ಕಣೆ. ನಿನ್ನ ಕೆಲಸವೇ ಅದಲ್ವಾ? ನಿನ್ನ ಮೇಲೆ ಅವರಿಗೆ ಸಿಟ್ಟು ಬರಲ್ಲ."

"ನಿಮ್ಮಪ್ಪ ಅಲ್ವೇನ್ರೀ? ಮಗ ಹೇಳ್ಬೇಕಾದ್ದು ಇದು."

"ನಾನು ಒಂದ್ಸಲ ಹೇಳಿ ನೋಡ್ಲಿಲ್ವಾ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಲ್ಲಿಗೆ ಮಾತು ನಿಂತಿತು. ಹೊರಗೆ ಹಜಾರದಲ್ಲಿ ಮಾವನವರು ಮೊಮ್ಮಗಳಿಗೆ ಮಗ್ಗಿ ಹೇಳಿಸುತ್ತಿದ್ದರು. ಅವರ ದನಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ನನಗೆ ಗಂಡನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಹಜಾರಕ್ಕೆ ಹೋಗಿ ಹೇಳಲು ನನಗೇನು ಯಾರಾದರೂ ಅಡ್ಡ ಬಂದಿದ್ದರೇ?

ಹೇಳಲಿಲ್ಲ. ಉಪಾಯ ಹುಡುಕಿದೆ. ಸೋಮವಾರ ಅರ್ಧ ದಿನ ರಜೆ ಹಾಕಿ "ಟೀಚರನ್ನ ನೋಡೋದಿದೆ ಮಾವ" ಎಂದು ನಾನೇ ಮಗಳನ್ನು ಬಿಟ್ಟುಬಂದೆ. ಮಂಗಳವಾರ ಮಗುವಿಗೆ ಹೊಟ್ಟೆನೋವು ಎಂದು ಸಾರಿ ಶಾಲೆಗೇ ಕಳಿಸಲಿಲ್ಲ. ಆರೋಗ್ಯವಾಗಿ ಕುಣಿಯುತ್ತಿದ್ದವಳನ್ನು ಮಾವನವರಿಗೆ ಗುಟ್ಟು ಗೊತ್ತಾಗದಿರಲೆಂದು ಎದುರುಮನೆಯವರಲ್ಲಿ ಬಿಟ್ಟು ನಾನು ಬಸ್ಸು ಹತ್ತಿದೆ. ಬುಧವಾರ ನನ್ನ ಗಂಡ "ಬ್ಯಾಂಕಿಗೆ ಆ ಕಡೆಯಿಂದಲೇ ಹೋಗ್ತಿದೀನಿ ಅಪ್ಪ" ಎಂದು ಮಗಳನ್ನು ಕರೆದುಕೊಂಡು ಹೋದರು. ಅವರ ಬ್ಯಾಂಕು ಇರುವುದು ಕುಂಬಾರಕೊಪ್ಪಲಿನಲ್ಲಿ, ಶಾಲೆಗೆ ಪೂರಾ ಉಲ್ಟಾ ದಿಕ್ಕು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಪ್ರತಿ ಬೆಳಗ್ಗೆ ಅಷ್ಟೇ ನೆಮ್ಮದಿ. ಶಾಲೆಯ ವ್ಯಾನಿಗೆ ಹೆಸರು ಬರೆಸಿದೆ, ಜಾಗ ಸಿಗುವುದು ಬರುವ ವಾರ ಅಂದರು. ಒಂದು ವಾರ ತಾನೇ, ಹೇಗೋ ದಬ್ಬಿದರಾಯಿತು, ಮಾವನವರ ಗೌರವವೂ ಉಳಿಯಿತು, ಮಗುವೂ ಉಳಿಯಿತು ಎಂದು ಲೆಕ್ಕ ಹಾಕಿದೆ.

ಗುರುವಾರ ಲೆಕ್ಕ ತಪ್ಪಿತು. ಗಂಡನ ಬ್ಯಾಂಕಿಗೆ ಆಡಿಟ್‌ನವರು ಬರುವವರಿದ್ದರು, ಹಾಗಾಗಿ ಇವರು ಏಳಕ್ಕೇ ಹೊರಟರು. ನನಗೆ ಕಾರ್ಖಾನೆಯಲ್ಲಿ ಕಣ್ಣಿನ ಪರೀಕ್ಷೆಯ ದಿನ, ವೈದ್ಯರು ಬರುವ ಹೊತ್ತಿಗೆ ನಾನು ಅಲ್ಲಿರಲೇಬೇಕು. ಮಾವನವರು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಗಾಡಿಯ ಸೀಟನ್ನು ಒರೆಸುತ್ತಿದ್ದರು. ಮೂರು ದಿನ ಮೊಮ್ಮಗಳನ್ನು ಬಿಡಲು ಹೋಗಿರಲಿಲ್ಲವಲ್ಲ, ಖುಷಿಯಲ್ಲಿದ್ದರು.

"ನಿಧಾನ ಮಾವ," ಅಂದೆ. ಅಷ್ಟೇ ಅಂದದ್ದು.

"ನಲವತ್ತು ವರ್ಷದಿಂದ ಓಡಿಸ್ತಿದೀನಿ ಕಣಮ್ಮ. ನೀನು ನಿನ್ನ ಬಸ್ ನೋಡ್ಕೊ."

ಮಗಳು ನನ್ನನ್ನೇ ನೋಡುತ್ತಿದ್ದಳು, ಹೇಳಿಬಿಡುತ್ತೀಯಾ ಎಂಬ ಹೆದರಿಕೆಯಲ್ಲಿ. ನಾನು ಅವಳಿಗೆ ತಲೆಯಾಡಿಸಿ, ಹೇಳುವುದಿಲ್ಲ ಎಂದು ಸನ್ನೆ ಮಾಡಿ, ಬಸ್ಸು ಹತ್ತಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪರೀಕ್ಷೆ ಎಂಟಕ್ಕೆ ಶುರುವಾಯಿತು. ಎರಡನೆಯವನೇ ಫೇಲಾದ. ಐವತ್ತೈದು ದಾಟಿದ ಡ್ರೈವರು, ಇಷ್ಟು ವರ್ಷದಲ್ಲಿ ಒಂದು ಗೋಡೆಗೂ ಗಾಡಿ ತಾಗಿಸಿದವನಲ್ಲ. ಎಡಗಣ್ಣಿಗೆ ಮೂರನೇ ಸಾಲಿನ ಅಕ್ಷರವೂ ಕಾಣಲಿಲ್ಲ. ಚಾಳೀಸು ಮಾಡಿಸಿಕೊಂಡು ಮತ್ತೆ ಪರೀಕ್ಷೆ ಪಾಸಾಗುವವರೆಗೆ ಗಾಡಿ ಮುಟ್ಟುವಂತಿಲ್ಲ ಎಂದು ಹೇಳಿ ಕೈ ಚಾಚಿದೆ. ಅವನು ಕೀ ಕೊಟ್ಟ. "ಮನೇಲಿ ಏನಂತ ಹೇಳ್ಲಿ ಮೇಡಂ?" ಅಂದ. "ಇರೋದನ್ನೇ ಹೇಳಿ, ಮುಚ್ಚಿಡಬೇಡಿ" ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ. ಗೋಡೆಯ ಗಡಿಯಾರದಲ್ಲಿ ಎಂಟೂವರೆ. ಈಗ ಇಬ್ಬರೂ ರಸ್ತೆಯಲ್ಲಿರುತ್ತಾರೆ.

ಒಂಬತ್ತು ಹೊಡೆಯುವವರೆಗೆ ಯಾರ ಹೆಸರು ಕೂಗಿದೆ, ಏನು ಬರೆದೆ, ಗೊತ್ತಿಲ್ಲ. ಶಾಲೆಗೆ ಫೋನು ಮಾಡಿದೆ. ಆಫೀಸಿನವರು ತರಗತಿಗೆ ಹೋಗಿ ನೋಡಿಕೊಂಡು ಬಂದು, "ಬಂದಿದಾಳೆ ಮೇಡಂ, ಕೂತಿದಾಳೆ" ಅಂದರು. ಯಾರೋ ಟೀ ತಂದಿಟ್ಟರು. ಲೋಟ ಬಾಯಿಗೆ ಇಟ್ಟಾಗ ಹೊಳೆಯಿತು: ಮಗು ಶಾಲೆಗೆ ಸೇರಿತು, ಸರಿ. ಮಾವ ಮನೆಗೆ ಹೇಗೆ ಬರುತ್ತಾರೆ? ಬರುವಾಗ ಮುಂದೆ ನಿಂತು ಹೇಳುವವರು ಯಾರು?

ಭಾನುವಾರದಿಂದ ಇದೊಂದು ನನ್ನ ತಲೆಗೇ ಬಂದಿರಲಿಲ್ಲ. ಅವರ ಮೊಬೈಲಿಗೆ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಎದುರುಮನೆಯವರಿಗೆ ಮಾಡಿದರೆ, "ಇಲ್ಲ, ಗಾಡಿ ಇನ್ನೂ ಬಂದಿಲ್ಲ" ಅಂದರು. ಪರೀಕ್ಷೆಯನ್ನು ಜೊತೆಯವರಿಗೆ ಒಪ್ಪಿಸಿ ಆಟೋ ಹತ್ತಿದೆ. ಕಡಕೊಳದಿಂದ ಊರು ಅವತ್ತಿನಷ್ಟು ದೂರ ಯಾವತ್ತೂ ಇರಲಿಲ್ಲ. ದಾರಿಯಲ್ಲಿ ಎಲ್ಲಿ ನಾಲ್ಕು ಜನ ಗುಂಪಾಗಿ ನಿಂತಿದ್ದರೂ ಆಟೋದಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ಹೊಟ್ಟೆಯೊಳಗೆ ಇನ್ನೊಂದು ಕೆಟ್ಟ ಯೋಚನೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಏನೇ ಆಗಿದ್ದರೂ ಮಗು ಇಳಿದ ಮೇಲೆ ತಾನೇ ದೇವರೇ ಅಂತ.

ನಮ್ಮ ರಸ್ತೆಯ ತಿರುವಿನಲ್ಲಿ ಹೂವು ಮಾರುವ ಹೆಂಗಸು ಕೂರುತ್ತಾಳೆ. ಆಟೋ ನಿಲ್ಲಿಸಿ, ನಮ್ಮ ಮಾವನವರನ್ನು ನೋಡಿದೆಯಾ ಎಂದು ಕೇಳಿದೆ. ಅವಳು ಮಾಲೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಇನ್ನೇನು ಬತ್ತಾರೆ ಕಣವ್ವ, ಇದೇ ಒತ್ತು. ದಿನಾ ಗಾಡಿ ತಳ್ಕಂಡೇ ಬತ್ತಾರಲ್ಲ, ವಯಸ್ಸಾದೋರು. ನೀವು ಪೆಟ್ರೋಲ್ ಆಕ್ಸಾಕಿಲ್ವಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಟೋದವನಿಗೆ ದುಡ್ಡು ಕೊಟ್ಟು ಕಳಿಸಿ ನಡೆದೆ. ದೂರದಲ್ಲಿ, ರಸ್ತೆಯ ಅಂಚಿನ ನೆರಳಿನಲ್ಲಿ, ಮಾವನವರು ಸ್ಕೂಟರನ್ನು ತಳ್ಳಿಕೊಂಡು ಬರುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡು ಮತ್ತೆ ತಳ್ಳುತ್ತಿದ್ದರು. ಅಂಗಿ ಒದ್ದೆಯಾಗಿತ್ತು, ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಎರಡೂವರೆ ಕಿಲೋಮೀಟರು, ದಿನವೂ. ನಾನು ಎದುರಿಗೆ ಹೋಗಿ ನಿಂತೆ. ನಾಲ್ಕಡಿ ದೂರ ಬರುವವರೆಗೆ ಅವರಿಗೆ ನನ್ನ ಗುರುತು ಸಿಗಲಿಲ್ಲ.

"ನೀನಾ? ಡ್ಯೂಟಿ ಇಲ್ವಾ?" ಅಂದರು. ಸಾವರಿಸಿಕೊಂಡು, "ಪೆಟ್ರೋಲ್ ಖಾಲಿ ಆಗ್ಬುಡ್ತು."

"ದಿನಾ ಖಾಲಿ ಆಗುತ್ತಾ ಮಾವ?"

ನಾನು ಹ್ಯಾಂಡಲ್ಲಿಗೆ ಕೈ ಹಾಕಿದೆ, ಅವರು ಬಿಟ್ಟುಕೊಟ್ಟರು. ನಾನು ತಳ್ಳುತ್ತ, ಅವರು ಸೀಟಿನ ಮೇಲೆ ಒಂದು ಕೈ ಇಟ್ಟುಕೊಂಡು, ನಡೆದೆವು. ಮನೆಯ ಹತ್ತಿರ ಬಂದಾಗ ಅವರೇ ಶುರುಮಾಡಿದರು.

"ಒಬ್ನೇ ಓಡ್ಸೋಕೆ ಧೈರ್ಯ ಸಾಲಲ್ಲ. ಅವಳಿದ್ರೆ ಕಾಣುತ್ತೆ."

ಅಷ್ಟು ಹೊತ್ತೂ ಅವರ ಒದ್ದೆ ಅಂಗಿ ನೋಡಿ ಅಯ್ಯೋ ಪಾಪ ಅನ್ನಿಸುತ್ತಿತ್ತು. ಈ ಮಾತು ಕೇಳಿದ್ದೇ ತಡ, ಎಲ್ಲ ಹಾರಿಹೋಯಿತು. "ನಿಮ್ಮ ಜೀವಕ್ಕೆ ಹೆದ್ರಿ ನಡ್ಕೊಂಡು ಬರ್ತೀರಿ. ಅವಳ ಜೀವಕ್ಕೆ ಯಾರು ಹೆದರ್ಬೇಕು ಮಾವ? ಕೀ ಕೊಡಿ." ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಅವರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಎದುರುಮನೆಯವರು ಕಿಟಕಿಗೆ ಬಂದದ್ದು ಗೊತ್ತಾಯಿತು. ಬರಲಿ ಅನ್ನಿಸಿತು. ಇನ್ನು ಹನ್ನೊಂದು ದಿನವಲ್ಲ, ಹನ್ನೊಂದು ವರ್ಷ ಮಾತು ಬಿಟ್ಟರೂ ಸರಿಯೇ.

ಅವರು ಮಾತು ಬಿಡಲಿಲ್ಲ. ಗೇಟಿನ ಮುಂದೆ ನಿಂತು ಮೆತ್ತಗೆ ಕೇಳಿದರು, "ನಿಂಗೆ ಯಾವಾಗ ಗೊತ್ತಾಯ್ತು?"

"ಭಾನುವಾರ."

"ಅದಕ್ಕೇ ಸೋಮವಾರ ನೀನು ಬಿಟ್ಟೆ. ಮಂಗಳವಾರ ಹೊಟ್ಟೆನೋವು. ನಿನ್ನೆ ಅವನು ಬ್ಯಾಂಕಿನ ದಾರಿ ಅಂತ ಕರ್ಕೊಂಡು ಹೋದ." ಕಚೇರಿಯಲ್ಲಿ ಕಡತ ನೋಡುವಾಗಲೂ ಹೀಗೆಯೇ ಒಂದೊಂದಾಗಿ ಓದಿ ಹೇಳುತ್ತಿದ್ದರೋ ಏನೋ. "ಇವತ್ತು?"

ನಾನು ಕಾಲಿನಿಂದ ಗಾಡಿಯ ಸ್ಟ್ಯಾಂಡ್ ಹಾಕಿದೆ.

"ಇವತ್ತು ಗೊತ್ತಿದ್ದೂ ಕಳ್ಸಿದ್ಯಾ?"

"ನಿಮಗೆ ಹೇಳೋಕೆ ಹೆದ್ರಿಕೆ ಆಯ್ತು ಮಾವ."

"ಮಗೂಗಿಂತ ದೊಡ್ಡದಾಯ್ತೇನಮ್ಮ, ನನ್ನ ಹೆದ್ರಿಕೆ?"

ಅವರು ಜೇಬಿನಿಂದ ಕೀ ತೆಗೆದರು. ನಾನು ಕೈ ಚಾಚಿಯೇ ನಿಂತಿದ್ದೆ. ಆ ಬಿಸಿಲಿನಲ್ಲಿ ಅದು ಅವರಿಗೆ ಕಾಣಲಿಲ್ಲ. ಗಾಳಿಯಲ್ಲಿ ತಡಕಾಡಿ, ನನ್ನ ಮಣಿಕಟ್ಟು ಸಿಕ್ಕ ಮೇಲೆ ಅಂಗೈವರೆಗೆ ಬೆರಳು ಜಾರಿಸಿಕೊಂಡು ಬಂದು, ಕೀ ಇಟ್ಟರು.